ಹಿಂದಿನ ಗಾಲಿ ಗೆದ್ದರೆ ಗುಡ್ಡ ಗೆದ್ದಂತೆ: ಆಫ್‌ರೋಡ್ ಬೈಕ್ ಸವಾರರಿಗೆ 14 ಸೂತ್ರಗಳು

ಸಕಲೇಶಪುರದಾಚೆ, ಬಿಸಿಲೆ ಕಡೆಯ ಒಂದು ಕಾಫಿ ತೋಟದ ಏರು. ಜುಲೈ ತಿಂಗಳು, ಮೂರು ದಿನದಿಂದ ಬಿಡದೆ ಹಿಡಿದ ಮಳೆ. ನನ್ನ 200 ಸಿಸಿ ಬೈಕಿನ ಹಿಂದಿನ ಗಾಲಿಗೆ ಆ ವಾರವಷ್ಟೇ 140 ಅಗಲದ ಟೈರು ಹಾಕಿಸಿದ್ದೆ. ನೋಡಲು ಭರ್ಜರಿಯಾಗಿತ್ತು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಟೈರಿನ ಮೈಮೇಲಿನ ರಬ್ಬರು ಬಟನ್‌ಗಳ ನಡುವೆ ಕೆಂಪು ಮಣ್ಣು ಮೆತ್ತಿ ಟೈರು ನುಣ್ಣಗಾಯಿತು. ಟೈರಿಗೂ ಸ್ವಿಂಗ್ ಆರ್ಮ್‌ಗೂ ನಡುವಿನ ಸಂದಿಯಲ್ಲಿ ಕೆಸರು ಗಟ್ಟಿಯಾಗಿ ಕಚ್ಚಿಕೊಂಡಿತು. ಎಂಜಿನ್ ಕೂಗುತ್ತಿತ್ತು, ಗಾಲಿ ತಿರುಗುತ್ತಿರಲಿಲ್ಲ. ಹಿಂದಿನಿಂದ ಬಂದ ತೋಟದ ಹುಡುಗ ತನ್ನ ಹಳೆಯ ಆರ್‌ಎಕ್ಸ್ 100 ಮೇಲೆ, ಸಪೂರ ಟೈರಿನಲ್ಲಿ, ನನ್ನ ಪಕ್ಕದಲ್ಲೇ ಏರಿ ಹೋದ.

ಅವತ್ತು ಸಂಜೆ ಕಡ್ಡಿಯಿಂದ ಕೆಸರು ಕೆರೆಯುತ್ತಾ ಕೂತಾಗ ಒಂದು ಮಾತು ಖಚಿತವಾಯಿತು. ಟೈರನ್ನು ಕಣ್ಣು ಆರಿಸಬಾರದು, ನೆಲ ಆರಿಸಬೇಕು. ಮುಂದಿನ ಗಾಲಿ ದಾರಿ ಹುಡುಕುತ್ತದೆ. ಹಿಂದಿನ ಗಾಲಿ ತಳ್ಳುತ್ತದೆ, ಭಾರ ಹೊರುತ್ತದೆ, ಕಲ್ಲಿನ ಏಟು ತಿನ್ನುತ್ತದೆ. ಈ ಮೂರೂ ಕೆಲಸಕ್ಕೆ ಒಗ್ಗುವ ಅಳತೆ ಯಾವುದು ಎಂದು ಕಂಡುಕೊಳ್ಳಲು ಆಮೇಲೆ ಹಲವು ಟೈರುಗಳು ಸವೆದವು. ಆ ಕಲಿಕೆ ಇಲ್ಲಿದೆ.

1. ಮೊದಲು ನೆಲ ಓದಿ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಈ ಬೈಕು ವರ್ಷದಲ್ಲಿ ಹೆಚ್ಚು ದಿನ ಓಡುವುದು ಯಾವ ನೆಲದ ಮೇಲೆ? ಮಲೆನಾಡಿನ ಕೆಂಪು ಜೇಡಿಗೆ ಸಪೂರ ಟೈರು ಒಳ್ಳೆಯದು. ಅದು ಮೇಲಿನ ಲೋಳೆಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಮಣ್ಣು ಮಳೆಗಾಲದಲ್ಲಿ ಅಂಟಿನಂತೆ ಸುತ್ತಿಕೊಳ್ಳುತ್ತದೆ. ಅಲ್ಲಿ ಅಗಲಕ್ಕಿಂತ ಟೈರಿನ ಸುತ್ತ ಖಾಲಿ ಜಾಗ ಮುಖ್ಯ. ಚಿತ್ರದುರ್ಗ, ಬಳ್ಳಾರಿ, ಕೋಲಾರದ ಬಂಡೆ ಮತ್ತು ಸಡಿಲ ಕಲ್ಲಿಗೆ ಎತ್ತರದ ಪಕ್ಕಗೋಡೆ ಬೇಕು. ಕರಾವಳಿಯ ಮರಳಿಗೆ ಮಾತ್ರ ಅಗಲದ ಟೈರಿನ ಮಾತು ಒಪ್ಪಬಹುದು. ಭಾರ ಹರಡಿದಷ್ಟೂ ಗಾಲಿ ಹೂಳುವುದು ಕಡಿಮೆ.

ನೂರಕ್ಕೆ ಎಪ್ಪತ್ತು ಪಾಲು ಡಾಂಬರಿನ ಮೇಲೇ ಓಡಿಸುತ್ತೀರಾದರೆ ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಆ ಚೀಟಿಯೇ ಮುಂದಿನ ಎಲ್ಲ ತೀರ್ಮಾನಗಳಿಗೂ ಆಧಾರ.

2. ಟೈರಿನ ಮೈಮೇಲಿನ ಬರಹ ಓದಲು ಕಲಿಯಿರಿ

ಹೀರೋ ಎಕ್ಸ್‌ಪಲ್ಸ್ 200ರ ಹಿಂದಿನ ಟೈರಿನ ಅಳತೆ 120/80-18. ಇದರಲ್ಲಿ 120 ಎಂದರೆ ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 80 ಎಂದರೆ ಆ ಅಗಲದ ನೂರಕ್ಕೆ 80ರಷ್ಟು ಪಕ್ಕಗೋಡೆಯ ಎತ್ತರ, ಅಂದರೆ 96 ಮಿ.ಮೀ. 18 ಎಂದರೆ ರಿಮ್ಮಿನ ವ್ಯಾಸ, ಇಂಚುಗಳಲ್ಲಿ.

ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಮತ್ತು ಒಂದು ಅಕ್ಷರ ಇರುತ್ತದೆ. ಸಂಖ್ಯೆ ಹೊರುವ ಶಕ್ತಿಯನ್ನು ಹೇಳುತ್ತದೆ: 57 ಎಂದಿದ್ದರೆ 230 ಕಿಲೋ, 62 ಎಂದಿದ್ದರೆ 265 ಕಿಲೋ, 66 ಎಂದಿದ್ದರೆ 300 ಕಿಲೋ. ಅಕ್ಷರ ವೇಗದ ಮಿತಿಯನ್ನು ಹೇಳುತ್ತದೆ: ಎಂ ಎಂದರೆ ಗಂಟೆಗೆ 130 ಕಿ.ಮೀ., ಪಿ ಎಂದರೆ 150, ಎಸ್ ಎಂದರೆ 180. ಅಳತೆ ಏನೇ ಬದಲಿಸಿ, ಈ ಎರಡನ್ನು ಮಾತ್ರ ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿಳಿಸಬೇಡಿ. ಹಿಂದೆ ಒಬ್ಬರನ್ನು ಕೂರಿಸಿ, ಎರಡೂ ಬದಿಗೆ ಚೀಲ ಕಟ್ಟಿ ಹೊರಟಾಗ ಹೆಚ್ಚಿನ ಭಾರವೆಲ್ಲ ಹಿಂದಿನ ಟೈರಿನದ್ದೇ.

ಕೆಲವು ಟೈರುಗಳಲ್ಲಿ 4.10-18ರಂತೆ ಇಂಚಿನ ಹಳೆಯ ಬರಹವಿರುತ್ತದೆ. ಅಲ್ಲಿ ಮೊದಲ ಸಂಖ್ಯೆ ಅಗಲ, ಎರಡನೆಯದು ರಿಮ್ಮು. ಎತ್ತರವನ್ನು ಬೇರೆಯಾಗಿ ಬರೆದಿರುವುದಿಲ್ಲ. ಅದು ಸಾಮಾನ್ಯವಾಗಿ ಅಗಲದಷ್ಟೇ ಅಥವಾ ಅದಕ್ಕಿಂತ ತುಸು ಕಡಿಮೆ ಇರುತ್ತದೆ.

3. 17, 18, 19: ಒಂದೊಂದು ಇಂಚಿಗೂ ಒಂದೊಂದು ಕೆಲಸ

ಆಫ್‌ರೋಡ್ ಬೈಕುಗಳ ಹಿಂದಿನ ಗಾಲಿ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು.

19 ಇಂಚು ಮೋಟೋಕ್ರಾಸ್‌ನದ್ದು. ಅಲ್ಲಿ ಟ್ರ್ಯಾಕ್ ಕಟ್ಟಿದ ಮಣ್ಣು. ಚೂಪು ಬಂಡೆಗಳಿಲ್ಲ, ಎತ್ತರದ ಜಿಗಿತಗಳಿವೆ. ಗಿಡ್ಡ ಪಕ್ಕಗೋಡೆ ಇದ್ದರೆ ತಿರುವಿನಲ್ಲಿ ಟೈರು ಅಲುಗುವುದು ಕಡಿಮೆ, ಸವಾರ ಇಟ್ಟ ಜಾಗದಲ್ಲೇ ಗಾಲಿ ನಿಲ್ಲುತ್ತದೆ. 250 ಸಿಸಿ ಮೋಟೋಕ್ರಾಸ್ ಬೈಕಿಗೆ 100/90-19, 450ಕ್ಕೆ 110/90-19 ಅಥವಾ 120/80-19 ರೂಢಿ.

18 ಇಂಚು ಎಂಡ್ಯೂರೊ, ರ‍್ಯಾಲಿ ಮತ್ತು ಕಾಡುದಾರಿಯದ್ದು. ಬೇರು, ಬಂಡೆ, ಕೊರಕಲು ಇರುವಲ್ಲಿ ಹೆಚ್ಚು ರಬ್ಬರು, ಹೆಚ್ಚು ಗಾಳಿ ಬೇಕು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್ ರ‍್ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಆ ಬಗೆಯ ರ‍್ಯಾಲಿ ಬೈಕುಗಳು ಮುಂದೆ 21, ಹಿಂದೆ 18 ಇಂಚಿನ ಮೇಲೆಯೇ ಓಡುತ್ತವೆ. ನಮ್ಮ ಮಲೆನಾಡಿಗೂ 18 ಹೊಸದಲ್ಲ. ಆರ್‌ಎಕ್ಸ್ 100ರ ಎರಡೂ ಗಾಲಿ 18 ಇಂಚಿನವೇ.

17 ಇಂಚು ಹಲವು ಅಡ್ವೆಂಚರ್ ಬೈಕುಗಳದ್ದು. ಸೀಟಿನ ಎತ್ತರ ಹದದಲ್ಲಿರುತ್ತದೆ, ಡಾಂಬರಿನ ಟೈರುಗಳು ಧಾರಾಳವಾಗಿ ಸಿಗುತ್ತವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಲ್ಲಿ 120/90-17, ಹಿಮಾಲಯನ್ 450ರಲ್ಲಿ 140/80-17.

ಮೇಲಿನ ಚೀಟಿಯಲ್ಲಿ ಕಾಡು, ಕಲ್ಲು ಎಂದು ಬರೆದವರಿಗೆ 18. ದೂರದ ಊರು, ಹೆದ್ದಾರಿ, ನಡುನಡುವೆ ಮಣ್ಣುದಾರಿ ಎಂದವರಿಗೆ 17 ಸಾಕು. ಟ್ರ್ಯಾಕ್ ಬಿಟ್ಟು ಹೊರಬಾರದವರಿಗೆ 19.

4. ರಿಮ್ಮಿನ ಇಂಚನ್ನಷ್ಟೇ ನೋಡಬೇಡಿ, ಪೂರ್ತಿ ವ್ಯಾಸ ಲೆಕ್ಕ ಹಾಕಿ

ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ. ಅದಕ್ಕೆ ಪಕ್ಕಗೋಡೆಯ ಎತ್ತರದ ಎರಡರಷ್ಟು ಕೂಡಿಸಿ. ಬಂದದ್ದೇ ಟೈರಿನ ಹೊರವ್ಯಾಸ.

120/80-18ಕ್ಕೆ: 457.2 ಮತ್ತು 192 ಕೂಡಿದರೆ 649 ಮಿ.ಮೀ. 120/90-17ಕ್ಕೆ: 431.8 ಮತ್ತು 216 ಕೂಡಿದರೆ 648 ಮಿ.ಮೀ. ಒಂದು 18 ಇಂಚು, ಇನ್ನೊಂದು 17 ಇಂಚು. ನೆಲದಿಂದ ಅಳೆದರೆ ಎರಡರ ಎತ್ತರವೂ ಒಂದೇ! ಪಕ್ಕಗೋಡೆ ಮಾತ್ರ ಬೇರೆ: ಮೊದಲನೆಯದ್ದು 96, ಎರಡನೆಯದ್ದು 108. ಕಲ್ಲಿನ ಏಟಿಗೆ ಇಲ್ಲಿ 17 ಇಂಚೇ ಹೆಚ್ಚು ಮೆತ್ತನೆ.

ಇನ್ನೊಂದು ಜೋಡಿ ನೋಡಿ. ಮೋಟೋಕ್ರಾಸ್‌ನ 110/90-19ರ ಹೊರವ್ಯಾಸ 681 ಮಿ.ಮೀ. ಎಂಡ್ಯೂರೊದ 140/80-18ರ ಹೊರವ್ಯಾಸವೂ 681 ಮಿ.ಮೀ. ಆದರೆ ಪಕ್ಕಗೋಡೆ 99ರ ಬದಲು 112. ರಿಮ್ಮಿಗೂ ಕಲ್ಲಿಗೂ ನಡುವೆ ಆ 13 ಮಿ.ಮೀ. ಹೆಚ್ಚುವರಿ ರಬ್ಬರು ಇರುವುದಕ್ಕೇ ಎಂಡ್ಯೂರೊ ಸವಾರರು 18ನ್ನು ಬಿಟ್ಟುಕೊಡುವುದಿಲ್ಲ.

"18 ದೊಡ್ಡದು, 17 ಚಿಕ್ಕದು" ಎಂದು ಯಾರಾದರೂ ಹೇಳಿದರೆ, ಅವರ ಮುಂದೆ ಈ ಲೆಕ್ಕ ಮಾಡಿ ತೋರಿಸಿ. ಕಂಪನಿ ಕೊಟ್ಟ ಹೊರವ್ಯಾಸದಿಂದ ನೂರಕ್ಕೆ ಎರಡು-ಮೂರರೊಳಗೆ ಇದ್ದರೆ ಬದಲಾವಣೆ ಸುಗಮ. ಅದನ್ನು ಮೀರಿದರೆ ಮುಂದೆ ಹೇಳುವ ಚೈನು, ಸ್ಪ್ರಾಕೆಟ್, ಸಸ್ಪೆನ್ಷನ್ ಎಲ್ಲದರ ಕಡೆಗೂ ಕೈ ಹಾಕಬೇಕಾಗುತ್ತದೆ.

5. ಎಂಜಿನ್ ಇದ್ದಷ್ಟು ಟೈರು ಚಾಚಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತು ಬೈಕಿಗೂ ಸಲ್ಲುತ್ತದೆ. ಎಕ್ಸ್‌ಪಲ್ಸ್ 200ರ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ 19 ಕುದುರೆ. ಹಿಮಾಲಯನ್ 450ರದ್ದು 40. ನಲವತ್ತು ಕುದುರೆ ಎಳೆಯುವ 140ರ ಟೈರನ್ನು ಹತ್ತೊಂಬತ್ತು ಕುದುರೆಗೆ ಕಟ್ಟಿದರೆ ಏರಿನಲ್ಲಿ ಉಸಿರು ಕಟ್ಟುತ್ತದೆ.

ಅಗಲದ ಟೈರು ತೂಕದ ಟೈರು. ಆ ತೂಕ ಇರುವುದು ಗಾಲಿಯ ಅಂಚಿನಲ್ಲಿ, ತಿರುಗುವ ಜಾಗದಲ್ಲಿ. ಟ್ಯಾಂಕಿನ ಮೇಲೆ ಒಂದು ಕಿಲೋ ಇಟ್ಟರೆ ಗೊತ್ತಾಗದಿರಬಹುದು; ಟೈರಿನಲ್ಲಿ ಒಂದು ಕಿಲೋ ಹೆಚ್ಚಾದರೆ ಪ್ರತಿ ಸಲ ಗೇರು ಬದಲಿಸಿದಾಗಲೂ, ಬ್ರೇಕು ಹಿಡಿದಾಗಲೂ ಗೊತ್ತಾಗುತ್ತದೆ. ಮೇಲಾಗಿ ಅದು ಸ್ಪ್ರಿಂಗಿನ ಕೆಳಗಿನ ತೂಕ. ಕಲ್ಲು ತಗುಲಿ ಮೇಲೆದ್ದ ಗಾಲಿಯನ್ನು ಮತ್ತೆ ನೆಲಕ್ಕೆ ಕೂರಿಸಲು ಹಿಂದಿನ ಶಾಕ್ ಅಷ್ಟೂ ಹೆಚ್ಚು ಹೆಣಗಬೇಕು.

ನನ್ನ ಅನುಭವದ ಅಂದಾಜು ಇಷ್ಟು: 200 ಸಿಸಿ ತನಕ 110 ಅಥವಾ 120, 250ರಿಂದ 450ರ ಹಗುರ ಬೈಕಿಗೆ 120ರಿಂದ 140, ಅದಕ್ಕೂ ಮೇಲಿನ ಭಾರದ ಬೈಕುಗಳಿಗೆ 150. ಯಮಹಾ ಟೆನೆರೆ 700, ಹೋಂಡಾ ಆಫ್ರಿಕಾ ಟ್ವಿನ್‌ನಂಥ ದೊಡ್ಡ ಬೈಕುಗಳೂ 150/70-18ರಲ್ಲೇ ನಿಲ್ಲುತ್ತವೆ ಎಂಬುದನ್ನು ನೆನಪಿಡಿ.

6. ರಿಮ್ಮಿನ ಅಗಲಕ್ಕೆ ಒಪ್ಪದ ಟೈರು ಬೇಡ

ಟೈರಿಗೆ ರಿಮ್ಮೇ ಬುನಾದಿ. ಎಂಡ್ಯೂರೊ ಬೈಕುಗಳ ಹಿಂದಿನ ರಿಮ್ಮಿನ ಅಗಲ ಸಾಮಾನ್ಯವಾಗಿ 2.15 ಇಂಚು. ರಿಮ್ಮಿನ ಒಳಮೈಯಲ್ಲಿ ಒತ್ತಿದ ಅಕ್ಷರ ಹುಡುಕಿ: 18 x 2.15 ಎಂದಿರಬಹುದು ಅಥವಾ ಡಬ್ಲ್ಯುಎಂ3 ಎಂದಿರಬಹುದು, ಎರಡೂ ಒಂದೇ. ಡಬ್ಲ್ಯುಎಂ2 ಎಂದರೆ 1.85 ಇಂಚು, ಡಬ್ಲ್ಯುಎಂ4 ಎಂದರೆ 2.50.

ಸಪೂರ ರಿಮ್ಮಿಗೆ ಅಗಲದ ಟೈರು ತೂರಿಸಿದರೆ ಪಕ್ಕಗೋಡೆಗಳು ಒಳಕ್ಕೆ ಮುದುಡಿ ಟೈರಿನ ನೆತ್ತಿ ಉಬ್ಬುತ್ತದೆ. ನೆಲ ಮುಟ್ಟುವುದು ನಡುವಿನ ಬಟನ್‌ಗಳು ಮಾತ್ರ. ದುಡ್ಡು ಕೊಟ್ಟದ್ದು ಅಗಲಕ್ಕೆ, ಸವೆಯುವುದು ನಡುವಿನ ಪಟ್ಟಿ. ಅಗಲ ರಿಮ್ಮಿಗೆ ಸಪೂರ ಟೈರು ಹಾಕಿದರೆ ಪಕ್ಕಗೋಡೆ ಹೊರಕ್ಕೆ ಜಗ್ಗಿಕೊಂಡು ರಿಮ್ಮಿನ ತುಟಿ ಕಲ್ಲಿಗೆ ಬರಿಮೈ ಒಡ್ಡುತ್ತದೆ. ಪ್ರತಿ ಟೈರು ತಯಾರಕರೂ ತಮ್ಮ ಟೈರಿಗೆ ಒಪ್ಪುವ ರಿಮ್ಮಿನ ಅಗಲ ಇಂತಿಷ್ಟು ಎಂದು ಪ್ರಕಟಿಸುತ್ತಾರೆ. ದುಡ್ಡು ಕೊಡುವ ಮೊದಲು ಅದನ್ನು ಕೇಳಿ.

7. ಸಂದಿ ಅಳೆಯಿರಿ, ಕೆಸರಿಗೆ ಜಾಗ ಬಿಡಿ

ಒಂದೇ ಅಳತೆಯ ಎರಡು ಕಂಪನಿಯ ಟೈರುಗಳು ಅಡಿಪಟ್ಟಿ ಇಟ್ಟರೆ ಒಂದೇ ಅಗಲ ಇರುವುದಿಲ್ಲ. ಅಂಚಿನ ಬಟನ್‌ಗಳು ಹೊರಕ್ಕೆ ಚಾಚಿರುವ ಟೈರು ಬರೆದದ್ದಕ್ಕಿಂತ ಅಗಲವಾಗಬಹುದು. ಹಾಗಾಗಿ ಬರಹ ನಂಬಿ ಸುಮ್ಮನಾಗದೆ ನಿಮ್ಮ ಕೈಯಾರೆ ಅಳೆಯಿರಿ.

ಐದು ಜಾಗ ನೋಡಿ: ಎರಡೂ ಬದಿಯ ಸ್ವಿಂಗ್ ಆರ್ಮ್, ಚೈನು, ಮಡ್‌ಗಾರ್ಡಿನ ಒಳಮೈ, ಮತ್ತು ಟೈರಿನ ಮುಂದುಗಡೆ ಸ್ವಿಂಗ್ ಆರ್ಮಿನ ಅಡ್ಡಪಟ್ಟಿ. ಪ್ರತಿ ಕಡೆಯೂ ಕನಿಷ್ಠ 10 ಮಿ.ಮೀ. ಇರಲಿ, ಕೆಸರಿನ ಊರಾದರೆ 15. ವೇಗದಲ್ಲಿ ಟೈರು ಸ್ವಲ್ಪ ಹಿಗ್ಗುತ್ತದೆ, ಚೈನು ಬಡಿಯುತ್ತದೆ, ಶಾಕ್ ಪೂರ್ತಿ ಕುಸಿದಾಗ ಗಾಲಿ ಮೇಲಕ್ಕೆ ಬರುತ್ತದೆ. ಇಬ್ಬರನ್ನು ಹಿಂದೆ ಕೂರಿಸಿ ಬೈಕನ್ನು ಪೂರ್ತಿ ಕೆಳಗೊತ್ತಿ, ಆಗ ಮಡ್‌ಗಾರ್ಡಿನ ಕೆಳಗೆ ಬೆರಳು ಆಡುತ್ತದೆಯೇ ನೋಡಿ. ಬಿಸಿಲೆ ದಾರಿಯಲ್ಲಿ ನಾನು ಕೆಸರಿನಲ್ಲಿ ಸಿಕ್ಕಿಬಿದ್ದದ್ದು ಈ ಒಂದು ಸೂತ್ರ ಮರೆತದ್ದರಿಂದ.

ಚೈನ್ ಬಿಗಿಮಾಡುವ ಜಾಗದಲ್ಲಿ ಆಕ್ಸಲ್ ಹಿಂದಕ್ಕೆ ಸರಿದಷ್ಟೂ ಮುಂದಿನ ಸಂದಿ ಹಿಗ್ಗುತ್ತದೆ. ಹೊಸ ಚೈನು ಹಾಕುವಾಗ ಒಂದು ಜೋಡಿ ಕೊಂಡಿ ಹೆಚ್ಚು ಇಟ್ಟರೆ ಈ ಅನುಕೂಲ ಸಿಗುತ್ತದೆ.

8. ಗಾಲಿ ದೊಡ್ಡದಾದರೆ ಸ್ಪ್ರಾಕೆಟ್ಟನ್ನೂ ಸರಿದೂಗಿಸಿ

120/80-18ರಿಂದ 120/90-18ಕ್ಕೆ ಹೋದರೆ ಹೊರವ್ಯಾಸ 649ರಿಂದ 673 ಮಿ.ಮೀ.ಗೆ ಏರುತ್ತದೆ, ಅಂದರೆ ನೂರಕ್ಕೆ 3.7ರಷ್ಟು ಹೆಚ್ಚು. ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ. ಎಂಜಿನ್ನಿಗೆ ಎಲ್ಲ ಗೇರೂ ಅಷ್ಟು ಭಾರವಾಗುತ್ತದೆ. ಹೆದ್ದಾರಿಯಲ್ಲಿ ಇದು ಹಿತ. ಕಡಿದಾದ ಏರಿನಲ್ಲಿ, ಮೊದಲ ಗೇರಿನಲ್ಲಿ, ಕ್ಲಚ್ ಸುಡುತ್ತದೆ.

ಹಿಂದೆ 40 ಹಲ್ಲಿನ ಸ್ಪ್ರಾಕೆಟ್ ಇದ್ದರೆ ಒಂದು ಹಲ್ಲು ಹೆಚ್ಚಿಸಿದಾಗ ನೂರಕ್ಕೆ 2.5 ವಾಪಸ್ ಬರುತ್ತದೆ, ಎರಡು ಹೆಚ್ಚಿಸಿದರೆ 5. ಮುಂದಿನ 13 ಹಲ್ಲಿನ ಸ್ಪ್ರಾಕೆಟ್ಟನ್ನು 12ಕ್ಕೆ ಇಳಿಸಿದರೆ ಒಂದೇ ಸಲಕ್ಕೆ ನೂರಕ್ಕೆ 8ರ ಬದಲಾವಣೆ; ಅದು ಹಿಂದೆ ಮೂರು ಹಲ್ಲು ಹೆಚ್ಚಿಸಿದ್ದಕ್ಕೂ ಮಿಗಿಲು. ಸಣ್ಣ ತಿದ್ದುಪಡಿಗೆ ಹಿಂದಿನದು, ದೊಡ್ಡ ತಿದ್ದುಪಡಿಗೆ ಮುಂದಿನದು.

9. ಮುಂದಿನ ಗಾಲಿಯನ್ನು ಕೇಳದೆ ಹಿಂದಿನದನ್ನು ಎತ್ತರಿಸಬೇಡಿ

120/90-18ರ ಅದೇ ಉದಾಹರಣೆಯಲ್ಲಿ ಹೊರವ್ಯಾಸ 24 ಮಿ.ಮೀ. ಹೆಚ್ಚಾದಾಗ ಆಕ್ಸಲ್ 12 ಮಿ.ಮೀ. ಮೇಲೇಳುತ್ತದೆ. ಬೈಕಿನ ಹಿಂಭಾಗ ಎತ್ತರವಾಗಿ, ಮುಂದಿನ ಫೋರ್ಕು ಹೆಚ್ಚು ನೆಟ್ಟಗಾಗುತ್ತದೆ. ಕಿರಿದಾದ ಕಾಲುದಾರಿಯಲ್ಲಿ ಹ್ಯಾಂಡಲ್ ಬೇಗ ತಿರುಗುತ್ತದೆ, ಒಳ್ಳೆಯದು. ಆದರೆ ಜಲ್ಲಿಯ ಮೇಲೆ 80ರ ವೇಗದಲ್ಲಿ ಅದೇ ಹ್ಯಾಂಡಲ್ ಚಂಚಲವಾಗುತ್ತದೆ, ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಜಾರುತ್ತದೆ. ಗಿಡ್ಡ ಇರುವವರಿಗೆ ಸೀಟಿನ ಆ ಸಣ್ಣ ಏರಿಕೆಯೇ ನೆಲ ಮುಟ್ಟುವುದಕ್ಕೂ ಮುಟ್ಟದಿರುವುದಕ್ಕೂ ಇರುವ ಅಂತರ.

ಎರಡೂ ಗಾಲಿಗೆ ಎಬಿಎಸ್ ಇರುವ, ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಬೈಕುಗಳಲ್ಲಿ ಇನ್ನೊಂದು ವಿಷಯವಿದೆ. ಆ ವ್ಯವಸ್ಥೆ ಮುಂದಿನ, ಹಿಂದಿನ ಗಾಲಿಗಳ ವೇಗವನ್ನು ಹೋಲಿಸಿ ತೀರ್ಮಾನ ಮಾಡುತ್ತದೆ. ಒಂದರ ವ್ಯಾಸ ಬಹಳ ಬದಲಾದರೆ ಅದರ ಲೆಕ್ಕ ತಪ್ಪುತ್ತದೆ. ಇಂಥ ಬೈಕುಗಳಲ್ಲಿ ಕಂಪನಿಯ ಹೊರವ್ಯಾಸಕ್ಕೆ ಆದಷ್ಟು ಹತ್ತಿರವೇ ಇರಿ. ಸ್ಪೀಡೋಮೀಟರ್ ಯಾವ ಗಾಲಿಯಿಂದ ಓದುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಹಿಂದಿನ ಗಾಲಿಯಿಂದಾದರೆ ಮುಳ್ಳು ಇನ್ನು ಕಡಿಮೆ ತೋರಿಸುತ್ತದೆ.

10. ರಿಮ್ಮು ಬದಲಿಸುವುದಾದರೆ ಕಡ್ಡಿ ಕಟ್ಟುವ ಕೈ ಹುಡುಕಿ

17 ಇಂಚಿನ ಗಾಲಿಯ ಹಬ್ಬಿಗೆ 18ರ ರಿಮ್ಮು ಕಟ್ಟಿಸುವವರಿದ್ದಾರೆ. ಮಾಡಬಹುದು, ಆದರೆ ರಿಮ್ಮಿನ ವ್ಯಾಸ ಒಂದು ಇಂಚು ಹೆಚ್ಚಾದರೆ ಪ್ರತಿ ಕಡ್ಡಿಯೂ (ಸ್ಪೋಕ್) ಸುಮಾರು ಅರ್ಧ ಇಂಚು ಉದ್ದವಾಗಬೇಕು. ಹಳೆಯ ಕಡ್ಡಿ ಎಳೆದು ಕೂರಿಸುವ ಮಾತೇ ಬೇಡ. ರಿಮ್ಮಿನ ತೂತುಗಳ ಸಂಖ್ಯೆ ಹಬ್ಬಿಗೆ ಹೊಂದಬೇಕು, ತೂತಿನ ಓರೆಯೂ ಹೊಂದಬೇಕು.

ಒಮ್ಮೆ ನಾನು ಅವಸರದಲ್ಲಿ ಕಟ್ಟಿಸಿದ ಗಾಲಿಯ ಔಟ್ (ತಿರುಗುವಾಗಿನ ಓಲಾಟ) ಪೂರ್ತಿ ತೆಗೆದಿರಲಿಲ್ಲ. ಮೂರನೆಯ ಸವಾರಿಗೆ ನಾಲ್ಕು ಕಡ್ಡಿ ಮುರಿದು, ಉಳಿದವು ಒಂದೊಂದಾಗಿ ಸಡಿಲಗೊಂಡವು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹೊಸ ಗಾಲಿ ಮೊದಲ ಸವಾರಿ ಮುಗಿಸಿದ ಕೂಡಲೇ ಪ್ರತಿ ಕಡ್ಡಿಯನ್ನೂ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ ದನಿ ಕೇಳುತ್ತೇನೆ. ಬಿಗಿ ಇದ್ದದ್ದು ಟಿಣ್ ಎನ್ನುತ್ತದೆ, ಸಡಿಲ ಇದ್ದದ್ದು ಮಂದವಾಗಿ ಟಪ್ ಎನ್ನುತ್ತದೆ. ಸಡಿಲವಾದದ್ದನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ಬಿಗಿಯುವುದಿಲ್ಲ.

11. ಟ್ಯೂಬು, ಟ್ಯೂಬ್‌ಲೆಸ್, ರಿಮ್ ಲಾಕ್: ಮೊದಲೇ ತೀರ್ಮಾನಿಸಿ

ಸಾಮಾನ್ಯ ಕಡ್ಡಿ ಗಾಲಿಗೆ ಟ್ಯೂಬು ಬೇಕೇ ಬೇಕು. ಕಡ್ಡಿಯ ತೂತುಗಳಿಂದ ಗಾಳಿ ಸೋರುತ್ತದೆ. ಟ್ಯೂಬಿನ ಅಳತೆ ಟೈರಿಗೆ ಹೊಂದಲಿ. ಚಿಕ್ಕ ಟ್ಯೂಬು ಅತಿಯಾಗಿ ಹಿಗ್ಗಿ ತೆಳ್ಳಗಾಗುತ್ತದೆ, ದೊಡ್ಡದು ಒಳಗೆ ಮಡಿಸಿಕೊಂಡು ಉಜ್ಜಿ ಹರಿಯುತ್ತದೆ. ಕೂರಿಸುವ ಮೊದಲು ಒಳಗೆಲ್ಲ ಪೌಡರ್ ಸವರಿ.

ಗಾಳಿ ಕಡಿಮೆ ಇಟ್ಟು ಓಡಿಸುವವರು ಹಿಂದಿನ ಗಾಲಿಗೆ, ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಹಾಕಿಸಿಕೊಳ್ಳಿ. ಅದು ಇಲ್ಲದಿದ್ದರೆ ಎಂಜಿನ್ ಎಳೆತಕ್ಕೆ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಜೊತೆಗೆ ಟ್ಯೂಬೂ ಜಾರಿ ವಾಲ್ವ್ ಬುಡದಲ್ಲಿ ಹರಿಯುತ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ವಾಲ್ವಿನ ಕ್ಯಾಪಿನ ಕಡೆಗೆ ಮೇಲೇರಿಸಿ ಇಡಿ. ವಾಲ್ವ್ ಓರೆಯಾಗಿ ಕಂಡ ದಿನ ಟೈರು ಜಾರಿದೆ ಎಂದರ್ಥ. ಹರಿಯುವ ಮೊದಲೇ ಸರಿಪಡಿಸಬಹುದು.

ಟ್ಯೂಬ್‌ಲೆಸ್ ಗಾಲಿಯಲ್ಲಿ ಮೊಳೆ ಹೊಕ್ಕರೆ ರಸ್ತೆ ಬದಿಯಲ್ಲೇ ಪ್ಲಗ್ ಹಾಕಿ ಹೊರಡಬಹುದು, ಅದು ದೊಡ್ಡ ನೆಮ್ಮದಿ. ಆದರೆ ಕಲ್ಲಿನ ಏಟಿಗೆ ರಿಮ್ಮಿನ ತುಟಿ ಬಾಗಿದರೆ ಗಾಳಿ ನಿಲ್ಲುವುದಿಲ್ಲ. ದೂರಪ್ರಯಾಣಕ್ಕೆ ಟ್ಯೂಬ್‌ಲೆಸ್, ಬಂಡೆಗೆ ಟ್ಯೂಬು.

12. ಅಳತೆ ಸರಿಯಾದ ಮೇಲೆ ಬಟನ್ ನೋಡಿ

ಬಟನ್‌ಗಳ ನಡುವೆ ಜಾಗ ಹೆಚ್ಚಿದ್ದರೆ ಕೆಸರು ಉದುರುತ್ತದೆ. ಬಟನ್‌ಗಳು ಒತ್ತೊತ್ತಾಗಿದ್ದರೆ ಗಟ್ಟಿ ನೆಲ, ಡಾಂಬರು ಹಿಡಿಯುತ್ತವೆ. ಎತ್ತರದ ಬಟನ್ ಮೆತ್ತನೆಯ ಮಣ್ಣಿಗೆ. ಬಂಡೆಯ ಮೇಲೆ ಅದು ಬಾಗಿ ಬುಡದಲ್ಲೇ ಕಿತ್ತು ಬರುತ್ತದೆ. ಅಂತರರಾಷ್ಟ್ರೀಯ ಎಂಡ್ಯೂರೊ ಸ್ಪರ್ಧೆಗಳಲ್ಲಿ ಹಿಂದಿನ ಟೈರಿನ ಬಟನ್ 13 ಮಿ.ಮೀ. ಮೀರಬಾರದೆಂಬ ನಿಯಮವಿದೆ. ಕಾಡುದಾರಿಯನ್ನು ಅತಿಯಾಗಿ ಅಗೆಯಬಾರದೆಂಬ ಕಾಳಜಿಗೂ ಅದು ಹೊಂದುತ್ತದೆ. ಬೇರೆಯವರ ತೋಟದ ದಾರಿ, ಗೋಮಾಳದ ದಾರಿ ಬಳಸುವ ನಾವೂ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ.

ಇನ್ನೊಂದು ಮಾತು. ಪೂರ್ತಿ ಬಟನ್ ಟೈರಿನಲ್ಲಿ ಮಳೆಯ ಡಾಂಬರಿನ ಮೇಲೆ ಬ್ರೇಕು ಹಿಡಿದರೆ ಬೈಕು ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ದಿನಾ ಆಫೀಸಿಗೂ ಅದೇ ಬೈಕು ಎನ್ನುವವರಿಗೆ ಅರ್ಧ ರಸ್ತೆ, ಅರ್ಧ ಮಣ್ಣಿನ ಟೈರೇ ಸರಿ.

13. ಗಾಳಿಯೇ ಕೊನೆಯ ಅಳತೆ

ಅದೇ ಟೈರು 30 ಪಿಎಸ್‌ಐಯಲ್ಲಿ ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ, 20ರಲ್ಲಿ ಕಲ್ಲನ್ನು ಅಪ್ಪಿಕೊಳ್ಳುತ್ತದೆ. ದೊಡ್ಡ ಟೈರು ಕೊಳ್ಳುವ ಮೊದಲು ಇರುವ ಟೈರಿನ ಗಾಳಿ ಇಳಿಸಿ ನೋಡಿ. ಎಷ್ಟೋ ಸಲ ಅಲ್ಲೇ ಉತ್ತರ ಸಿಗುತ್ತದೆ.

ನಾನು ಪಾಲಿಸುವ ಅಂಕಿಗಳು ಹೀಗಿವೆ. ಸಾಮಾನು ಹೊತ್ತ ಅಡ್ವೆಂಚರ್ ಬೈಕಿಗೆ ಮಣ್ಣುದಾರಿಯಲ್ಲಿ 25. ಹಗುರ ಬೈಕಿಗೆ, ರಿಮ್ ಲಾಕ್ ಇಲ್ಲದಿದ್ದರೆ 18ರಿಂದ 22. ರಿಮ್ ಲಾಕ್ ಮತ್ತು ದಪ್ಪ ಟ್ಯೂಬು ಇದ್ದರೆ 12ರಿಂದ 15. ಚೂಪು ಬಂಡೆಗಳಿದ್ದರೆ ಎರಡು-ಮೂರು ಹೆಚ್ಚು. ಡಾಂಬರಿಗೆ ಮರಳುವ ಮೊದಲು ಬೈಕಿನ ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ತುಂಬಿ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಿರಿ. ಪಾಕೆಟ್ ಗೇಜು ಮತ್ತು ಕೈಪಂಪು ಇಲ್ಲದೆ ಗಾಳಿ ಇಳಿಸಬೇಡಿ. ಇಳಿಸುವುದು ಸುಲಭ, ಕಾಡಿನ ನಡುವೆ ತುಂಬುವುದು ಕಷ್ಟ.

14. ಸಿಗುವ ಅಳತೆಯನ್ನೇ ಆರಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಎಷ್ಟೇ ಚೆಂದದ ಅಳತೆಯಾದರೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಆ ಟ್ಯೂಬು ಸಿಗದಿದ್ದರೆ ಪ್ರಯಾಣ ಅಲ್ಲೇ ನಿಲ್ಲುತ್ತದೆ. ಕೊಳ್ಳುವ ಮುನ್ನ ನಿಮ್ಮ ಊರಿನ ಎರಡು-ಮೂರು ಟೈರು ಅಂಗಡಿ, ಪಂಕ್ಚರ್ ಅಂಗಡಿಗಳಲ್ಲಿ ವಿಚಾರಿಸಿ. ದೂರ ಹೋಗುವಾಗ ಒಂದೇ ಟ್ಯೂಬು ಒಯ್ಯುವುದಾದರೆ ಮುಂದಿನ 21 ಇಂಚಿನದ್ದನ್ನೇ ಒಯ್ಯಿರಿ. ತುರ್ತಿಗೆ ಅದನ್ನು ಹಿಂದಿನ 18ರಲ್ಲೂ ತುಂಬಿ ನಿಧಾನವಾಗಿ ಊರು ಸೇರಬಹುದು. ಹಿಂದಿನದ್ದನ್ನು ಮುಂದಕ್ಕೆ ತುಂಬಲಾಗದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತ ರಬ್ಬರು ಗಟ್ಟಿಯಾಗಿರುತ್ತದೆ, ರಿಯಾಯಿತಿ ಕೊಟ್ಟರೂ ಬೇಡ ಎನ್ನಿ.

ಕೊನೆಯದಾಗಿ, ಅಳತೆ, ಸ್ಪ್ರಾಕೆಟ್, ಗಾಳಿ ಮೂರನ್ನೂ ಒಂದೇ ದಿನ ಬದಲಿಸಬೇಡಿ. ಬದಲಿಸಿದರೆ ಒಳ್ಳೆಯದಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂಬುದು ತಿಳಿಯುವುದೇ ಇಲ್ಲ. ಒಂದು ಬದಲಾವಣೆ, ಅದೇ ಏರು, ಅದೇ ತಿರುವು, ಮೂರು ಸವಾರಿ. ಅನಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ವರ್ಷ ಕಳೆದ ಮೇಲೆ ಆ ಪುಸ್ತಕ ನಿಮ್ಮ ನೆಲಕ್ಕೆ, ನಿಮ್ಮ ಬೈಕಿಗೆ, ನಿಮ್ಮ ತೂಕಕ್ಕೆ ಬರೆದ ಕೈಪಿಡಿಯಾಗುತ್ತದೆ. ಅಂಥದ್ದು ಬೇರೆಲ್ಲೂ ಸಿಗುವುದಿಲ್ಲ.

ಮರು ವರ್ಷದ ಜುಲೈಯಲ್ಲಿ ಅದೇ ತೋಟದ ಏರಿಗೆ ಮತ್ತೆ ಹೋದೆ. ಅದೇ ಬೈಕು. ಹಿಂದೆ 110/90-18ರ ಬಟನ್ ಟೈರು. ಹೊರವ್ಯಾಸ 655, ಕಂಪನಿ ಕೊಟ್ಟ 649ಕ್ಕಿಂತ ಆರೇ ಮಿ.ಮೀ. ಹೆಚ್ಚು. ಗಾಳಿ 18. ಸುತ್ತಲೂ ಎರಡು ಬೆರಳು ಹಿಡಿಸುವಷ್ಟು ಸಂದಿ. ಮಳೆ ಹಿಂದಿನ ವರ್ಷದಂತೆಯೇ ಸುರಿಯುತ್ತಿತ್ತು, ಮಣ್ಣು ಅಷ್ಟೇ ಲೋಳೆಯಾಗಿತ್ತು. ಎರಡನೆಯ ಗೇರಿನಲ್ಲಿ ಗಾಲಿ ಎರಡು ಕಡೆ ಜಾರಿತು, ಎರಡು ಕಡೆಯೂ ಕೆಸರು ಉದುರಿಸಿಕೊಂಡು ಮತ್ತೆ ನೆಲ ಕಚ್ಚಿತು. ಮೇಲೆ, ಸಿಲ್ವರ್ ಓಕ್ ಮರಗಳ ಕೆಳಗೆ ಬೈಕು ನಿಲ್ಲಿಸಿ ಹಿಂತಿರುಗಿ ನೋಡಿದಾಗ, ಏರಿನುದ್ದಕ್ಕೂ ಮೂಡಿದ್ದ ಗೆರೆ ಸಪೂರವಾಗಿತ್ತು.